ಚೂರುಬಟ್ಟೆ ಕಟ್ಟಿದ ತೇಗದ ಸಸಿಗಳು

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಕುವೆಂಪುನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಅವಳ ಮನೆ. ದೊಡ್ಡಪ್ಪ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ಕೂತವಳು, ಸುತ್ತಮುತ್ತಲಿನ ಅರ್ಧ ಬಡಾವಣೆಯ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟಳು. ಬಾಯಿ ಜೋರು. ಅಳತೆ ಕೊಡುವಾಗ ಯಾರಾದರೂ ಹೊಟ್ಟೆ ಒಳಗೆಳೆದುಕೊಂಡರೆ, "ಉಸಿರು ಬುಡಮ್ಮ ತಾಯಿ, ಇಲ್ದಿದ್ರೆ ಹಬ್ಬದ ದಿನ ಊಟಕ್ಕೆ ಕೂತಾಗ ಹೊಲಿಗೆ ಬಿಚ್ಕೊಳ್ಳುತ್ತೆ" ಅನ್ನುತ್ತಿದ್ದಳು. ಅನ್ನಿಸಿಕೊಂಡವರೂ ನಗುತ್ತಿದ್ದರು. ಅವಳ ಮಾತಿನಲ್ಲಿ ಮುಳ್ಳಿದ್ದರೂ ವಿಷವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹೊಲಿಸಿಕೊಳ್ಳಲು ಬರುವವರೇ ಶ್ರಾವಣದಲ್ಲಿ ಸೇರಿ ವಚನ ಹಾಡುವವರು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ, ಅವರದ್ದೂ ಹೆಚ್ಚುಕಡಿಮೆ ಹಾಗೆಯೇ. ಇವರೆಲ್ಲರ ನಡುವೆ ಚೀಟಿ ನಡೆಸುತ್ತಿದ್ದವಳು ದೊಡ್ಡಮ್ಮ. ಅವಳ ಚೀಟಿಯಲ್ಲಿ ಒಬ್ಬರ ದುಡ್ಡೂ ಎಂದೂ ಮುಳುಗಿರಲಿಲ್ಲ. ತೊಂಬತ್ತರ ದಶಕದ ನಡುವೆ ತೇಗದ ಕಂಪನಿಯವನು ಊರೊಳಗೆ ಬಂದಾಗ ಅವಳ ಮನೆ ಬಾಗಿಲನ್ನೇ ಮೊದಲು ತಟ್ಟಿದ್ದು ಇದಕ್ಕಾಗಿಯೇ ಇರಬೇಕು. ಎಲ್ಲಿ ನೀರಿದೆ ಎಂದು ಬಾವಿ ತೋಡುವವನಿಗೆ ಗೊತ್ತಿರುತ್ತದೆ.

ಕಂಪನಿಯ ಮಾತು ಸುಲಭವಾಗಿತ್ತು. ನೀವು ದುಡ್ಡು ಕೊಡಿ, ನಿಮ್ಮ ಹೆಸರಲ್ಲಿ ತೇಗದ ಸಸಿ ನೆಡುತ್ತೇವೆ, ನೀರು ಗೊಬ್ಬರ ಕಾವಲು ಎಲ್ಲ ನಮ್ಮದು, ಮರ ಬಲಿತ ಮೇಲೆ ಕಡಿದು ಮಾರಿ ಹಣ ನಿಮ್ಮ ಕೈಗೆ. ಮಗುವಿನ ಹೆಸರಲ್ಲಿ ಈಗ ಸಸಿ ತೆಗೆದುಕೊಂಡರೆ ಮದುವೆ ಹೊತ್ತಿಗೆ ಮರ. ಅವರು ಕೊಡುತ್ತಿದ್ದ ಬಾಂಡ್ ಕಾಗದ ನಮ್ಮ ಕಡೆಯ ಲಗ್ನಪತ್ರಿಕೆಗಿಂತ ಚೆನ್ನಾಗಿತ್ತು, ದಪ್ಪ ಕಾಗದ, ಸುತ್ತ ಹಸಿರು ಬಳ್ಳಿ. ದೊಡ್ಡಮ್ಮ ಮೊದಲು ತನಗೇ ತೆಗೆದುಕೊಂಡಳು, ಆಮೇಲೆ ಏಜೆಂಟ್ ಆದಳು. "ಗೋರ್ಮೆಂಟಿಗೆ ರಿಜಿಸ್ಟರ್ ಆಗಿದೆ ಕಣೆ, ನಂಬರ್ ಹಾಕವ್ರೆ ನೋಡು" ಎಂದು ಅಮ್ಮನಿಗೂ ತೋರಿಸಿದಳು. ಅಮ್ಮ ತವರಿನಿಂದ ಬಂದ ಹಣದಲ್ಲಿ ಉಳಿದಿದ್ದನ್ನು ಕೊಟ್ಟಳು.

ನಾನು ಆಗ ದೇವರಾಜ ಮೊಹಲ್ಲಾದಲ್ಲಿ ಒಬ್ಬ ಆಡಿಟರ ಕಚೇರಿಯಲ್ಲಿ ಟೈಪಿಸ್ಟ್. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವು. ಆಡಿಟರು ಆ ಕಾಗದ ನೋಡಿ ಕನ್ನಡಕ ಮೇಲಕ್ಕೆ ಸರಿಸಿ ಹೇಳಿದ್ದು ನನಗಿನ್ನೂ ನೆನಪಿದೆ. "ಮಗು ಹುಟ್ಟಿದಾಗಲೂ ರಿಜಿಸ್ಟರ್ ಮಾಡಿಸ್ತೀವಿ ಕಣಮ್ಮ. ದೊಡ್ಡೋನಾದ ಮೇಲೆ ಕಳ್ಳ ಆಗಲ್ಲ ಅಂತ ಸರ್ಕಾರ ಗ್ಯಾರಂಟಿ ಕೊಡುತ್ತಾ? ಇದು ಕಂಪನಿ ಹುಟ್ಟಿದೆ ಅನ್ನೋದಕ್ಕೆ ನಂಬರು, ಅಷ್ಟೇ." ಜನರಿಂದ ಹೀಗೆ ಹಣ ಎತ್ತುವುದಕ್ಕೆ ಬೇರೆಯೇ ಅನುಮತಿ ಬೇಕೆಂದೂ, ಅದನ್ನು ನೋಡಿಕೊಳ್ಳಲೆಂದೇ ಮುಂಬಯಿಯಲ್ಲಿ ಸರ್ಕಾರ ಮಾಡಿದ ಒಂದು ಮಂಡಳಿ ಇದೆಯೆಂದೂ, ತೇಗದ ಕಂಪನಿಗಳ ಮೇಲೆ ಅದರ ಕೈ ಇನ್ನೂ ಪೂರ್ತಿ ಬಿದ್ದಿಲ್ಲವೆಂದೂ ಹೇಳಿದರು. ನಾನು ಬಂದು ದೊಡ್ಡಮ್ಮನ ಮುಂದೆ ಎಲ್ಲವನ್ನೂ ಒಪ್ಪಿಸಿದೆ. "ನಿಮ್ಮ ಆಡಿಟ್ರಿಗೆ ಅನುಮಾನ ಪಡೋದೇ ಕಸುಬು. ನಾನು ಕಣ್ಣಾರೆ ಸಸಿ ನೋಡಿ ಬರ್ತೀನಿ, ಆಯ್ತಾ?" ಅಂದಳು.

ಹಾಗೆ ಹೊರಟಿತು ಮೊದಲ ಸಲದ ಬಸ್ಸು. ಖರ್ಚೆಲ್ಲ ಕಂಪನಿಯದು. ನಮ್ಮ ಹೆಂಗಸರು ಸುಮ್ಮನೆ ಹೋಗುತ್ತಾರೆಯೇ? ಪುಳಿಯೋಗರೆ, ಮೊಸರನ್ನ, ಸಜ್ಜಪ್ಪ ಕಟ್ಟಿಕೊಂಡು, ದಾರಿಯುದ್ದಕ್ಕೂ ವಚನ ಹಾಡಿಕೊಂಡು ಹೋದರು. ನಾನೂ ಜೊತೆಗಿದ್ದೆ. ನಂಜನಗೂಡು ದಾಟಿ ಒಳದಾರಿಯಲ್ಲಿ ಬಹಳ ದೂರ ಹೋದ ಮೇಲೆ ಬೇಲಿ ಹಾಕಿದ ಜಮೀನು, ಮೊಣಕಾಲೆತ್ತರದ ಸಸಿಗಳ ಸಾಲು, ಒಂದೊಂದಕ್ಕೂ ಕಡ್ಡಿಗೆ ಸಿಕ್ಕಿಸಿದ ತಗಡಿನ ನಂಬರು. ಕಂಪನಿಯವನು ಪಟ್ಟಿ ನೋಡಿಕೊಂಡು, "ಇದು ನಿಮ್ದು ಮೇಡಂ, ಇದು ನಿಮ್ದು" ಎಂದು ತೋರಿಸುತ್ತಾ ಬಂದ.

ತನ್ನದು ಎಂದ ಮೇಲೆ ಹೆಂಗಸರಿಗೆ ಅದು ಬರಿಯ ಸಸಿಯಾಗಿ ಉಳಿಯಲಿಲ್ಲ. ಒಬ್ಬಾಕೆ ಚೀಲದಿಂದ ವಿಭೂತಿ ತೆಗೆದು ಎಲೆಗೆ ಹಚ್ಚಿದಳು, ಇನ್ನೊಬ್ಬಾಕೆ ಬುಡಕ್ಕೆ ನೀರು ಹಾಕಿ ಕೈ ಮುಗಿದಳು. ದೊಡ್ಡಮ್ಮ ಎಲ್ಲರಿಗಿಂತ ಮುಂದೆ ಹೋಗಿದ್ದಳು. ತಾನು ಹೊಲಿದ ರವಿಕೆಗಳಲ್ಲಿ ಉಳಿದ ಚೂರುಬಟ್ಟೆಗಳನ್ನು ಗಂಟು ಕಟ್ಟಿ ತಂದಿದ್ದಳು. "ನಂಬರ್ ಗಿಂಬರ್ ಮಳೆಗೆ ಅಳಿಸಿ ಹೋಗುತ್ತೆ. ಅವರವರ ರವಿಕೆ ಬಟ್ಟೆ ಅವರವರ ಸಸಿಗೆ ಕಟ್ಕೊಳ್ಳಿ. ಮುಂದಿನ ಸಲ ಬಂದಾಗ ಗುರ್ತು ಸಿಗುತ್ತೆ" ಎಂದು ಹಂಚಿದಳು. ಅಮ್ಮನದು ಗಿಳಿಹಸಿರು ಬಟ್ಟೆ, ಅಂಚಿನಲ್ಲಿ ಸಣ್ಣ ಕೆಂಪು ಚುಕ್ಕಿ. ಅಕ್ಕತಂಗಿಯರ ಸಸಿ ಅಕ್ಕಪಕ್ಕ ಬಂದಿತ್ತು. ದೊಡ್ಡಮ್ಮ ಎರಡಕ್ಕೂ ತಾನೇ ಬಟ್ಟೆ ಕಟ್ಟಿದಳು. ಕಂಪನಿಯವನು ನಗುತ್ತಾ ನಿಂತಿದ್ದ. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಎರಡನೆಯ ಸಲದ ಬಸ್ಸು ಹೊರಟದ್ದು ಮುಂದಿನ ವರ್ಷ, ಹೊಸದಾಗಿ ಸೇರುವವರಿಗಾಗಿ. ನಾನು ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಅಮ್ಮ ತನ್ನ ಸಸಿ ನೋಡಿಬರಲು ಹೋದಳು. ಅಲ್ಲಿ ನಡೆದದ್ದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಆದರೆ ಕಥೆ ತೊಡಕಾಗಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಅವತ್ತು ದೊಡ್ಡಮ್ಮ ಮಂಡಿ ನೋವೆಂದು ಬೇಲಿಯ ಹೊರಗೆ ಕಾವಲುಗಾರನ ಶೆಡ್ಡಿನಲ್ಲೇ ಕೂತಳು. ಊಟದ ಪೊಟ್ಟಣ ಎಣಿಸಿಡುತ್ತೇನೆ, ನೀವು ಹೋಗಿಬನ್ನಿ ಅಂದಳು. ಅಮ್ಮ ಉಳಿದವರ ಜೊತೆ ಸಾಲುಗಳ ನಡುವೆ ನಡೆದಳು. ಕಂಪನಿಯವನು ಹೊಸಬಳೊಬ್ಬಳಿಗೆ ಒಂದು ಸಸಿ ತೋರಿಸಿ, "ಇದು ನಿಮ್ದು ಮೇಡಂ" ಅಂದ. ಸಸಿ ಸೊಂಟದೆತ್ತರ ಬೆಳೆದಿತ್ತು. ಕಾಂಡಕ್ಕೆ ಬಿಸಿಲಿಗೆ ಬಣ್ಣಗೆಟ್ಟ ಗಿಳಿಹಸಿರು ಚೂರು, ಅಂಚಿನಲ್ಲಿ ಕೆಂಪು ಚುಕ್ಕಿ. ಪಕ್ಕದಲ್ಲಿ ದೊಡ್ಡಮ್ಮನ ನೇರಳೆ ಬಟ್ಟೆ, ಆ ಸಸಿಯೂ ಬೇರೊಬ್ಬಳ ಪಾಲಿಗೆ. ಎರಡರ ಮುಂದೆಯೂ ಹೊಸ ತಗಡು, ಹೊಸ ನಂಬರು. ಅಮ್ಮ ಅವನನ್ನು ಪಕ್ಕಕ್ಕೆ ಕರೆದು ಕೇಳಿದಳು. ಸರ್ವೆ ಆದ ಮೇಲೆ ಸಾಲು ಬದಲಾಗಿದೆ, ನಿಮ್ಮದು ಆಚೆ ಜಮೀನಿನಲ್ಲಿದೆ, ನಿಮ್ಮ ಅಕ್ಕನವರಿಗೆಲ್ಲ ಗೊತ್ತು ಅಂದ.

ನಿಮ್ಮ ಅಕ್ಕನವರಿಗೆಲ್ಲ ಗೊತ್ತು. ಅಮ್ಮ ತಿರುಗಿ ನೋಡಿದಳು. ಅಕ್ಕ ದೂರದಲ್ಲಿ, ಈ ಕಡೆಗೆ ಬೆನ್ನು ಮಾಡಿ ಪೊಟ್ಟಣ ಜೋಡಿಸುತ್ತಿದ್ದಳು. ಅದಕ್ಕೂ ಒಂದು ತಿಂಗಳ ಹಿಂದೆ ದೊಡ್ಡಮ್ಮ ಕಮಿಷನ್ ಹಣದಲ್ಲಿ ಮೋಟಾರಿನ ಹೊಲಿಗೆ ಮಷಿನ್ ತಂದಿದ್ದಳು. ಅಮ್ಮನ ತಲೆಯಲ್ಲಿ ಎರಡೂ ಸೇರಿಕೊಂಡವು. ಹೊಸಬಳು ಸಂತೋಷದಿಂದ ಸಸಿಗೆ ಕೈ ಮುಗಿಯುತ್ತಿದ್ದಳು. ಅಷ್ಟು ಜನರ ಮುಂದೆ ಬಾಯಿ ಬಿಟ್ಟರೆ ಅಕ್ಕನ ಮಾನ ಬಸ್ಸಿನಲ್ಲೇ ಹೋಗುತ್ತದೆ ಎಂದು ಅಮ್ಮ ಸುಮ್ಮನಾದಳು. ಬರುವಾಗ ಎಲ್ಲರ ಜೊತೆ ವಚನವನ್ನೂ ಹಾಡಿದಳಂತೆ.

ಆಮೇಲಿನ ಎರಡು ವರ್ಷ ಅಮ್ಮ ದೊಡ್ಡಮ್ಮನಿಗೆ ತೋರಿಸಿದ ಅಕ್ಕರೆ ನೋಡಿ ನಾನು ತಮಾಷೆ ಮಾಡುತ್ತಿದ್ದೆ. ಒತ್ತು ಶಾವಿಗೆ ಮಾಡಿದರೆ ಮೊದಲು ಅಕ್ಕನಿಗೆ. ಹಬ್ಬಕ್ಕೆ ಅಕ್ಕ ಇಲ್ಲೇ ಉಣ್ಣಬೇಕು. "ಒಂಟಿ ಜೀವ, ಪಾಪ" ಅನ್ನುತ್ತಿದ್ದಳು. ಆ 'ಪಾಪ' ಯಾವುದಕ್ಕೆಂದು ನನಗೆ ತಿಳಿದಿರಲಿಲ್ಲ.

ಕಂಪನಿ ನಿಂತುಹೋಯಿತು. ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದ ಕಾಗದ ಬರಲಿಲ್ಲ, ಆಮೇಲೆ ಫೋನು ಎತ್ತಲಿಲ್ಲ, ಕೊನೆಗೆ ಊರಿನ ಕಚೇರಿಗೆ ಬೀಗ. ಅಷ್ಟರಲ್ಲಿ ಇಂಥ ಕಂಪನಿಗಳೆಲ್ಲ ತನ್ನ ಬಳಿ ಬಂದು ಅನುಮತಿ ಪಡೆಯಬೇಕು, ಇಲ್ಲವೇ ಅಂಗಡಿ ಮುಚ್ಚಿ ಜನರ ಹಣ ವಾಪಸು ಮಾಡಬೇಕೆಂದು ಮುಂಬಯಿಯ ಮಂಡಳಿ ಕಟ್ಟುನಿಟ್ಟು ಮಾಡಿತ್ತು. ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತಿತ್ತು. ಆಡಿಟರು ಕತ್ತರಿಸಿ ನನ್ನ ಮೇಜಿನ ಮೇಲಿಟ್ಟರು. "ನಿಮ್ಮೋರೆಲ್ಲ ದೂರು ಬರೀಲಿ. ಒಬ್ಬೊಬ್ಬರೂ ಬರೀಬೇಕು. ಕೂತ್ಕೊಂಡು ಅತ್ತರೆ ಮುಂಬಯಿಗೆ ಕೇಳಿಸಲ್ಲ" ಅಂದರು.

ಟೈಪ್ ಮಾಡಿಕೊಡುವವಳು ನಾನೇ ಇದ್ದೆ, ಕಾಸಿಲ್ಲ ಖರ್ಚಿಲ್ಲ. ಆದರೂ ಒಬ್ಬರೂ ಬರಲಿಲ್ಲ. ದೂರಿನಲ್ಲಿ ಯಾರ ಮೂಲಕ ಹಣ ಕೊಟ್ಟಿರಿ ಎಂದು ಏಜೆಂಟರ ಹೆಸರು ಬರೆಯಬೇಕಿತ್ತು. ಅಲ್ಲಿಗೆ ಬಂದು ಎಲ್ಲರ ಕೈ ನಿಂತಿತು. "ಅಕ್ಕನ ಹೆಸರು ಬರೆದು ಸರ್ಕಾರಕ್ಕೆ ಕಳ್ಸೋದಾ? ನಾಳೆ ಪೊಲೀಸು ಬಂದ್ರೆ? ಬ್ಯಾಡ ಬುಡು ತಾಯಿ, ಹೋದದ್ದು ಹೋಯ್ತು." ಇದು ನಮ್ಮೂರಿನ ದಾಕ್ಷಿಣ್ಯ. ಎದುರು ಮನೆಯವರ ಮುಸುರೆ ನೀರು ನಮ್ಮ ಅಂಗಳಕ್ಕೆ ಹರಿದರೂ ರಂಗೋಲಿಯನ್ನು ಸ್ವಲ್ಪ ಪಕ್ಕಕ್ಕೆ ಹಾಕಿಕೊಳ್ಳುವ ಜನ ನಾವು. ಅತಿ ಆಸೆ ಗತಿ ಕೇಡು ಎಂದು ಹೊರಗಿನವರು ಆಡಿಕೊಂಡರು. ನನಗೆ ಕೋಪ ಬರುತ್ತಿತ್ತು. ಅವರಿಗೆ ಇದ್ದದ್ದು ಆಸೆಯಲ್ಲ, ಒಬ್ಬ ಹೆಂಗಸಿನ ಮೇಲಿನ ನಂಬಿಕೆ. ಅದಕ್ಕೇ ಅವರು ದುಡ್ಡನ್ನೂ ಕೊಟ್ಟರು, ಅದಕ್ಕೇ ದೂರನ್ನೂ ಕೊಡಲಿಲ್ಲ.

ಇದನ್ನು ತಡೆಯಲಾರದೆ ದೊಡ್ಡಮ್ಮನೇ ಮನೆಮನೆಗೆ ಹೊರಟಳು. ನಾನೂ ಕೆಲವು ಮನೆಗಳಿಗೆ ಜೊತೆಗೆ ಹೋದೆ. "ನನ್ನ ಹೆಸರು ಬರೀರಿ ಕಣ್ರೀ. ದಪ್ಪಕ್ಷರದಲ್ಲಿ ಬರೀರಿ. ಬೈಯೋದಿದ್ರೆ ಬೈದ್ಬುಡಿ" ಎಂದು ಕೈ ಹಿಡಿದುಕೊಳ್ಳುತ್ತಿದ್ದಳು. ಅವರು ಕಾಫಿ ಕೊಡುತ್ತಿದ್ದರು. ವಿಭೂತಿಯ ಬಟ್ಟಲು ಮುಂದಿಡುತ್ತಿದ್ದರು. ಮಗಳ ಮದುವೆ ಹಣ ಕಳೆದುಕೊಂಡ ಒಬ್ಬಾಕೆ, "ನೀವೇನು ಮಾಡ್ತೀರಿ ಅಕ್ಕ, ನಮ್ಮ ಹಣೇಲಿ ಬರೆದಿದ್ದು" ಎಂದು ಅವಳನ್ನೇ ಸಮಾಧಾನ ಮಾಡಿ ಹೊಸ ರವಿಕೆ ಬಟ್ಟೆ ಹೊಲಿಯಲು ಕೊಟ್ಟು ಕಳಿಸಿದಳು. ಆ ಬಟ್ಟೆ ಎದೆಗವುಚಿಕೊಂಡು ದೊಡ್ಡಮ್ಮ ರಸ್ತೆಯಲ್ಲೇ ಅತ್ತಳು. ನಾನು ಕಂಡ ಹಾಗೆ ಅವಳು ಅತ್ತದ್ದು ಅದೇ ಮೊದಲು. ದೊಡ್ಡಪ್ಪ ಹೋದಾಗಲೂ ಅತ್ತವಳಲ್ಲ.

ಮನೆಗೆ ಬಂದು ಅಮ್ಮನ ಮೇಲೆ ಹಾರಿಬಿದ್ದೆ. ಹೊರಗಿನವರು ಬರೆಯದಿದ್ದರೆ ಹೋಗಲಿ, ಒಡಹುಟ್ಟಿದ ನೀನಾದರೂ ಬರೆಯಬಾರದೇ, ನೀನು ಬರೆದರೆ ಮಿಕ್ಕವರಿಗೂ ಧೈರ್ಯ ಬರುತ್ತದೆ ಅಂದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದವಳು ತಲೆಯೆತ್ತದೆ, "ನಾನು ಬರೆದ್ರೆ ನಿಮ್ಮ ದೊಡ್ಡಮ್ಮ ಜೈಲಿಗೆ ಹೋಗ್ತಾಳೆ ಕಣೆ" ಅಂದಳು. ಆಗ ಎಲ್ಲವೂ ಹೊರಗೆ ಬಂತು. ಚೂರುಬಟ್ಟೆ, ಹೊಸ ತಗಡು, ಕಂಪನಿಯವನ ಮಾತು, ಬೆನ್ನು ಮಾಡಿ ಕೂತ ಅಕ್ಕ, ಮೋಟಾರಿನ ಮಷಿನ್. ಒಂದೇ ಮರವನ್ನು ಇಬ್ಬರಿಗೆ ಮಾರಿದ್ದನ್ನು ಕಣ್ಣಿಂದ ಕಂಡ ಸಾಕ್ಷಿ ನನ್ನ ತಾಯಿಯೇ. ಮಂಡಳಿಗೆ ಬೇಕಾದದ್ದೂ ಅದೇ. ಅದನ್ನು ಅವಳು ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಅಕ್ಕನಿಗೆ ಶಾವಿಗೆ ಒತ್ತಿ ಕಳಿಸಿದ್ದಳು. ಆ ಎರಡು ವರ್ಷದಲ್ಲಿ ಇನ್ನೂ ಎಷ್ಟೋ ಮನೆಗಳ ದುಡ್ಡು ಆ ಕಂಪನಿಗೆ ಹೋಗಿತ್ತು.

ದೊಡ್ಡಮ್ಮ ಕದ್ದಾಳೆಂದು ನಾನು ಒಂದು ಗಳಿಗೆಯೂ ನಂಬಲಿಲ್ಲ. ಮಾರನೆಯ ದಿನ ಭಾನುವಾರ, ಅವಳು ಬಂದಾಗ ಅಮ್ಮನ ಎದುರಿಗೇ ಕೂರಿಸಿ, "ಎರಡನೇ ಸಲ ಹೋದಾಗ ನೀನು ಸಸಿ ನೋಡಿದ್ಯಾ ದೊಡ್ಡಮ್ಮ?" ಎಂದು ಕೇಳಿದೆ.

"ಎಲ್ಲಿ ನೋಡ್ದೆ? ಮಂಡಿ ಹಿಡ್ಕೊಂಡು ಕೂತಿದ್ನಲ್ಲ. ನಿಮ್ಮಮ್ಮ ನೋಡ್ಕೊಂಡು ಬಂದ್ಲು. ಬಟ್ಟೆ ಇತ್ತೇನೆ ಅಂತ ಕೇಳಿದ್ದಕ್ಕೆ ಇತ್ತು ಅಂದ್ಲು. ಸಮಾಧಾನ ಆಯ್ತು ನಂಗೆ."

ಅಮ್ಮನ ಮುಖದ ಬಣ್ಣ ಹೋಯಿತು. ಬಟ್ಟೆ ಇತ್ತು ಎಂದು ಅವಳು ಹೇಳಿದ್ದು ನಿಜ. ತಾನು ಬಾಯಿ ಬಿಡುತ್ತೇನೋ ಎಂದು ಅಕ್ಕ ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡು ಅಷ್ಟಕ್ಕೇ ನಿಲ್ಲಿಸಿದ್ದಳಂತೆ. ಈಗ ಮಿಕ್ಕಿದ್ದನ್ನು ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. "ನಿನ್ನನ್ನ ಉಳಿಸ್ಬೇಕು ಅಂತ ಸುಮ್ನಿದ್ದೆ ಅಕ್ಕ" ಅಂದಳು.

"ಯಾವುದರಿಂದ ಉಳಿಸೋಕೆ?" ದೊಡ್ಡಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅಮ್ಮನ ಕಡೆಗೆ ಪೂರ್ತಿ ತಿರುಗಿ ಕೂತಳು. ನಾನು ಜಗಳ ಆಗುತ್ತದೆ ಎಂದುಕೊಂಡಿದ್ದೆ, ಆಗಲಿ ಎಂದೂ ಬಯಸಿದ್ದೆ. ಅವಳು ಮೆಲ್ಲಗೆ ಕೇಳಿದಳು. "ಎರಡು ವರ್ಷ ನನ್ನ ಕಳ್ಳಿ ಅಂದ್ಕೊಂಡೇ ಊಟ ಹಾಕಿದ್ಯಾ?"

ಅಮ್ಮ ಅವಳ ಕಾಲಿಗೆ ಬಿದ್ದಳು. ದೊಡ್ಡಮ್ಮ ಎತ್ತಿ ಕೂರಿಸಿ, ತನ್ನ ಸೆರಗಿನಿಂದಲೇ ಕಣ್ಣೊರೆಸಿ, "ಅಳೋದು ಆಮೇಲೆ. ಮೊದ್ಲು ಬರ್ಸು. ನನ್ನ ಹೆಸರೂ ಬರ್ಸು" ಅಂದಳು. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ಹಂಗಾದ್ರೆ ಆ ಮನೆಯೋರೂ ಇದಕ್ಕೇ ಬೈಲಿಲ್ವೇನೋ" ಅಂದಳು.

ಸೋಮವಾರ ಆಡಿಟರ ಕಚೇರಿಯಲ್ಲಿ ಅಮ್ಮನ ಹೇಳಿಕೆಯನ್ನು ನಾನೇ ಟೈಪ್ ಮಾಡಿದೆ. ಆಡಿಟರು ಇಂಗ್ಲಿಷ್ ತಿದ್ದಿಕೊಟ್ಟರು. ಅಮ್ಮ ಬರೆದಳೆಂದು ಗೊತ್ತಾದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು, ಗಿಳಿಹಸಿರು ಸಸಿಗೆ ಕೈ ಮುಗಿದಿದ್ದ ಹೊಸಬಳೂ ಬಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಗೊಣಗಿದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತ ಅವರ ಮುಖ ನೋಡಿ ಎದ್ದು ನೀರು ತಂದುಕೊಟ್ಟೆ.

ಮುಂಬಯಿಯ ಮಂಡಳಿಯ ಆದೇಶ ಬರುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು. ನಮ್ಮೂರಿನ ಹೆಬ್ಬಾಳದ ಕಡೆ ಹೊಸ ಹೊಸ ಕಟ್ಟಡಗಳು ಎದ್ದಿದ್ದವು, ನಮ್ಮ ರಸ್ತೆಯಲ್ಲಿ ರೆಡಿಮೇಡ್ ಅಂಗಡಿ ಬಂದು ದೊಡ್ಡಮ್ಮನಿಗೆ ಹೊಲಿಗೆ ಕಡಿಮೆಯಾಗಿತ್ತು. ಕಂಪನಿಯವರು ಜನರ ಹಣ ಮರಳಿಸಬೇಕು, ಮುಂದೆ ಎಲ್ಲಿಯೂ ಜನರಿಂದ ಹಣ ಎತ್ತಕೂಡದು ಎಂದು ಆದೇಶ. ಹಣವೆಂದು ಕೈಗೆ ಬಂದದ್ದು ಕಡೆಗೂ ಅಷ್ಟಿಷ್ಟೇ, ಕೆಲವರಿಗೆ ಅದೂ ಇಲ್ಲ. ಮಗಳ ಮದುವೆಗೆಂದು ಇಟ್ಟಿದ್ದಾಕೆ ಅಷ್ಟರೊಳಗೆ ಸಾಲ ಮಾಡಿ ಮದುವೆ ಮುಗಿಸಿದ್ದಳು.

ಆದೇಶದ ಪ್ರತಿಯನ್ನು ಆಡಿಟರು ತರಿಸಿಕೊಟ್ಟರು. ದೊಡ್ಡಮ್ಮನನ್ನು ಕರೆಸಿ ನಮ್ಮ ಹಜಾರದಲ್ಲಿ ಕೂತು ನಾನು ಕನ್ನಡದಲ್ಲಿ ಓದಿ ಹೇಳಿದೆ. ಒಂದೇ ಮರವನ್ನು ಹಲವರಿಗೆ ತೋರಿಸಿದ್ದು ಸಾಬೀತಾಗಿದೆ, ಸ್ಥಳೀಯ ಏಜೆಂಟರಿಗೂ ಸುಳ್ಳು ನಕ್ಷೆ ಕೊಟ್ಟು ನಂಬಿಸಲಾಗಿತ್ತು ಎಂಬ ಸಾಲು ಅದರಲ್ಲಿತ್ತು. ದೊಡ್ಡಮ್ಮ ಆ ಸಾಲನ್ನು ಮತ್ತೊಮ್ಮೆ ಓದಿಸಿದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಮುಂಬಯಿನೋರು ನನ್ನ ಮುಖಾನೇ ನೋಡಿಲ್ಲ" ಅಂದಳು ದೊಡ್ಡಮ್ಮ. "ನಾನು ಕದ್ದಿಲ್ಲ ಅಂತ ಅವರಿಗೆ ಗೊತ್ತಾಯ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಮ್ಮ ತಡೆದುಕೊಳ್ಳುತ್ತಿದ್ದಳು. ಆ ಭಾನುವಾರದ ನಂತರವೂ ದೊಡ್ಡಮ್ಮ ನಮ್ಮ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ಬಂದು ಕೂತು, ನಗಿಸಿ, ಅಮ್ಮನ ರವಿಕೆಗೆ ಕೊಕ್ಕೆ ಹಾಕಿಕೊಟ್ಟು ಹೋಗುತ್ತಿದ್ದಳು. ಊಟದ ಹೊತ್ತಿಗಿಂತ ಮುಂಚೆ ಏಳುತ್ತಿದ್ದಳು, ಅಷ್ಟೇ. ಅವತ್ತು ಅಮ್ಮ ಬೆಳಿಗ್ಗೆಯೇ ಎದ್ದು ಒಬ್ಬಟ್ಟು ಮಾಡಿದ್ದಳು. ಅಕ್ಕ ಎದ್ದು ನಿಂತದ್ದು ನೋಡಿ ಹಜಾರಕ್ಕೆ ಬಂದು, "ಇವತ್ತಾದ್ರೂ ಒಂದು ತುತ್ತು ತಿನ್ಕೊಂಡು ಹೋಗು ಅಕ್ಕ" ಎಂದು ಕೈ ಹಿಡಿದಳು.

"ಇಲ್ಲ ಕಣೆ, ಮನೇಲಿ ಊಟ ಆಯ್ತು" ಎಂದು ದೊಡ್ಡಮ್ಮ ತಂಗಿಯ ಕೆನ್ನೆ ಸವರಿ ಚಪ್ಪಲಿ ಮೆಟ್ಟಿದಳು. ಆಗಿನ್ನೂ ಬೆಳಿಗ್ಗೆ ಹತ್ತು ಗಂಟೆ.